ಇಬ್ಬರೂ 'ಓ', ಮಗಳು 'ಎ': ರಕ್ತದ ಗುಂಪಿನ ಪಾಠದಿಂದ ನಾನು ಕಲಿತದ್ದು

ಜೀವವಿಜ್ಞಾನ ಬೋಧನಾ ವಿಧಾನದ ಉಪನ್ಯಾಸಕಿಯಾಗಿ ನನ್ನ ವರ್ಷದ ಅರ್ಧ ಭಾಗ ಬಸ್ಸಿನಲ್ಲೇ ಕಳೆಯುತ್ತದೆ. ನಮ್ಮ ಪ್ರಶಿಕ್ಷಣಾರ್ಥಿಗಳು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳ ಪ್ರೌಢಶಾಲೆಗಳಿಗೆ ಇಂಟರ್ನ್‌ಶಿಪ್‌ಗೆಂದು ಚದುರಿ ಹೋಗುತ್ತಾರೆ. ಅವರ ಹಿಂದೆ ವೀಕ್ಷಣಾ ಪುಸ್ತಕ ಹಿಡಿದುಕೊಂಡು ನಾನು ಹೋಗುತ್ತೇನೆ. ಹಿಂದಿನ ಬೆಂಚಿನಲ್ಲಿ ಕೂತು ಪೀಠಿಕೆ, ವಿಷಯ ನಿರೂಪಣೆ, ಕಪ್ಪುಹಲಗೆಯ ಬಳಕೆ, ಪ್ರಶ್ನೆ ಕೇಳುವ ಕೌಶಲ ಎಂದು ಒಂದೊಂದೇ ಕಲಮಿಗೆ ಅಂಕ ಹಾಕುತ್ತೇನೆ. ಈ ಲೇಖನ ನಾನು ತಪ್ಪು ಅಂಕ ಹಾಕಿದ ಒಂದು ಪಾಠದ ಬಗ್ಗೆ.

ಆ ದಿನದ ಪಾಠ

ಯಲಬುರ್ಗಾ ತಾಲ್ಲೂಕಿನ ಒಂದು ಪ್ರೌಢಶಾಲೆ, ಹತ್ತನೇ ತರಗತಿ, ಅನುವಂಶೀಯತೆಯ ಪಾಠ. ಪ್ರಶಿಕ್ಷಣಾರ್ಥಿ ಚುರುಕಿನ ಹುಡುಗಿ. ಪಾಠಯೋಜನೆಯನ್ನು ಶ್ರದ್ಧೆಯಿಂದ ಬರೆದಿದ್ದಳು. ಪಾಠವನ್ನು ಮಕ್ಕಳ ಬದುಕಿಗೆ ಜೋಡಿಸಬೇಕು ಎಂದು ನಾವೇ ಹೇಳಿಕೊಟ್ಟಿದ್ದೆವು. ಅದರಂತೆ ಹಿಂದಿನ ದಿನವೇ ಅವಳು ಗೃಹಪಾಠ ಕೊಟ್ಟಿದ್ದಳು: ಮನೆಯವರ ರಕ್ತದ ಗುಂಪನ್ನು ಕಾರ್ಡಿನಲ್ಲಿ ನೋಡಿ ಬರೆದುಕೊಂಡು ಬನ್ನಿ.

ಕಪ್ಪುಹಲಗೆಯ ಮೇಲೆ ನಿಯಮ ಬರೆದಳು. ಎ ಮತ್ತು ಬಿ ಪ್ರಬಲ, ಓ ದುರ್ಬಲ. ತಂದೆ ತಾಯಿ ಇಬ್ಬರೂ ಓ ಆದರೆ ಮಕ್ಕಳೆಲ್ಲರೂ ಓ. ಆಮೇಲೆ ಮಕ್ಕಳು ತಂದದ್ದನ್ನು ಒಬ್ಬೊಬ್ಬರಾಗಿ ಓದತೊಡಗಿದರು. ಎರಡನೇ ಸಾಲಿನ ಒಬ್ಬ ಹುಡುಗಿ ಎದ್ದು ನಿಂತಳು.

"ಟೀಚರ್, ನಮ್ಮಪ್ಪಂದೂ ಓ, ನಮ್ಮವ್ವಂದೂ ಓ. ನಂದು ಎ ಐತ್ರಿ. ಹೆಂಗ್ರಿ ಇದು?"

ಪ್ರಶಿಕ್ಷಣಾರ್ಥಿ ಹಲಗೆ ನೋಡಿದಳು, ಹುಡುಗಿಯನ್ನು ನೋಡಿದಳು. "ಹಂಗಾಗಾಕ ಬರಂಗಿಲ್ಲವಾ" ಅಂದಳು. ಹಿಂದಿನಿಂದ ಯಾರೋ ಹುಡುಗ ಕಿಸಕ್ಕನೆ ನಕ್ಕ. ಇನ್ನಿಬ್ಬರು ಪಿಸುಗುಟ್ಟಿದರು. ಹುಡುಗಿ ಕೂತಳು. ಪಾಠ ಮುಂದುವರಿಯಿತು. ನಾನು ಪುಸ್ತಕದಲ್ಲಿ 'ವಿಷಯಜ್ಞಾನ: ಉತ್ತಮ' ಎಂದು ಬರೆದೆ. ನಿಯಮದ ಪ್ರಕಾರ ಅವಳು ಹೇಳಿದ್ದು ಸರಿಯಾಗಿಯೇ ಇತ್ತಲ್ಲ!

ಮರುದಿನ ಆ ಹುಡುಗಿ ಶಾಲೆಗೆ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಮೂರನೇ ದಿನ ಅವಳ ತಾಯಿ ಬಂದು ಶಾಲೆಯ ಪಡಸಾಲೆಯ ಕಂಬಕ್ಕೆ ಒರಗಿ ನಿಂತಿದ್ದರು. ನಾನು ಬೇರೊಬ್ಬರ ಪಾಠ ನೋಡಲು ಹೋದವಳು ಸಿಕ್ಕಿದೆ. ಅವರು ಜಗಳ ಮಾಡಲಿಲ್ಲ. "ಅಕ್ಕಾರ, ಹುಡುಗಿ ಮನಿಗೆ ಬಂದು ಸಾಲಿಯಾಗ ಹಿಂಗಂದ್ರು ಅಂತ ಹೇಳಿತ್ರಿ. ಅವತ್ತಿನಿಂದ ನಮ್ಮತ್ತಿ ನನ್ನ ಕೂಡ ಮಾತಾಡವಲ್ರು" ಎಂದಷ್ಟೇ ಹೇಳಿದರು.

ನಲವತ್ತು ನಿಮಿಷದ ಪಾಠವೊಂದು ಒಬ್ಬ ಹೆಣ್ಣುಮಗಳ ಮನೆಯೊಳಗೆ ಹೊಕ್ಕು ಕೂತಿತ್ತು. ಪ್ರಶಿಕ್ಷಣಾರ್ಥಿ ಅಳುತ್ತಿದ್ದಳು. ಆದರೆ ತಪ್ಪು ಅವಳದ್ದಕ್ಕಿಂತ ನನ್ನದೇ ಹೆಚ್ಚು. ಆ ಪಾಠಯೋಜನೆಗೆ ಸಹಿ ಹಾಕಿದವಳು ನಾನು. ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂತವಳೂ ನಾನೇ.

ಆ ತಾಯಿಗೆ ನಾನು ಅಂದು ಹೇಳಿದ್ದು ಇಷ್ಟೇ: "ತಪ್ಪು ನಮ್ಮ ಪಾಠದಾಗ ಐತ್ರೀ ಅವ್ವಾ, ನಿಮ್ಮ ಮನಿಯಾಗಲ್ಲ." ಹಾಗೆ ಹೇಳಿದ ಮೇಲೆ ನಮ್ಮ ಪಾಠದಲ್ಲಿ ತಪ್ಪು ಎಲ್ಲಿದೆ ಎಂದು ಹುಡುಕುವ ಹೊಣೆ ನನ್ನ ಮೇಲೆ ಬಿತ್ತು. ಹುಡುಕುತ್ತ ಹೋದಂತೆ ಪ್ರಯೋಗಾಲಯದಲ್ಲಿ ಕೆಲಸ ಮಾಡುವ ವೈದ್ಯವಿಜ್ಞಾನಿಗಳ ಕಡೆಗೆ ದಾರಿ ತೆರೆಯಿತು. ಅವರ ಕೆಲಸದ ರೀತಿಯನ್ನು ತಿಳಿಯದೆ ರಕ್ತದ ಗುಂಪನ್ನು ಕಲಿಸಬಾರದು ಎಂಬುದು ನನಗೆ ಈಗ ಖಚಿತವಾಗಿದೆ.

ಲ್ಯಾಂಡ್‌ಸ್ಟೈನರ್ ಕೇಳಿದ ಪ್ರಶ್ನೆ

ರೋಗಿಯನ್ನು ನೋಡುವ ವೈದ್ಯರು ನಮಗೆಲ್ಲ ಗೊತ್ತು. ರೋಗಿಯ ರಕ್ತ, ಮೂತ್ರ, ಅಂಗಾಂಶದ ಚೂರನ್ನು ನೋಡಿ ರೋಗ ತಿಳಿಯುವ ವೈದ್ಯರೂ ಇದ್ದಾರೆ. ಅವರಲ್ಲಿ ಕೆಲವರು 'ಈ ಪರೀಕ್ಷೆ ಏನು ಹೇಳುತ್ತದೆ' ಎಂಬುದರ ಜೊತೆಗೆ 'ಇದು ಹೀಗೇಕೆ ಹೇಳುತ್ತದೆ' ಎಂದೂ ಕೇಳುತ್ತಾರೆ. ಅಂಥವರನ್ನೇ ವೈದ್ಯವಿಜ್ಞಾನಿ ಎನ್ನುವುದು. ರಕ್ತದ ಗುಂಪನ್ನು ಕಂಡುಹಿಡಿದ ಕಾರ್ಲ್ ಲ್ಯಾಂಡ್‌ಸ್ಟೈನರ್ ಅಂಥವರು. 1868ರ ಜೂನ್ 14ರಂದು ವಿಯೆನ್ನಾದ ಬಳಿ ಹುಟ್ಟಿದರು. ವೈದ್ಯ ಪದವಿ ಪಡೆದ ಮೇಲೆ ರಸಾಯನವಿಜ್ಞಾನವನ್ನೂ ಕಲಿತರು. ಅವರ ಹುಟ್ಟಿದ ದಿನವನ್ನೇ ಇಂದು ವಿಶ್ವ ರಕ್ತದಾನಿಗಳ ದಿನವೆಂದು ಆಚರಿಸುತ್ತೇವೆ.

ಅವರ ಕಾಲಕ್ಕೆ ಒಂದು ಸಂಗತಿ ಗೊತ್ತಿತ್ತು. ಒಬ್ಬರ ರಕ್ತದ ಸೀರಮ್ಮಿಗೆ ಇನ್ನೊಬ್ಬರ ಕೆಂಪು ರಕ್ತಕಣಗಳನ್ನು ಬೆರೆಸಿದರೆ ಕೆಲವೊಮ್ಮೆ ಕಣಗಳು ಒಂದಕ್ಕೊಂದು ಅಂಟಿಕೊಂಡು ಸಣ್ಣ ಗಂಟುಗಳಾಗುತ್ತವೆ. ಇದು ರೋಗದ ಲಕ್ಷಣ ಎಂದು ಹಲವರು ನಂಬಿದ್ದರು. ಲ್ಯಾಂಡ್‌ಸ್ಟೈನರ್ ಆರೋಗ್ಯವಂತರ ರಕ್ತವನ್ನೇ ತೆಗೆದುಕೊಂಡರು, ತಮ್ಮದು ಮತ್ತು ಪ್ರಯೋಗಾಲಯದ ಸಂಗಡಿಗರದು. ಪ್ರತಿಯೊಬ್ಬರ ಸೀರಮ್ಮನ್ನೂ ಕಣಗಳನ್ನೂ ಬೇರೆ ಮಾಡಿ, ಪ್ರತಿಯೊಂದು ಸೀರಮ್ಮನ್ನು ಪ್ರತಿಯೊಬ್ಬರ ಕಣಗಳೊಂದಿಗೆ ಬೆರೆಸಿ, ಗಂಟು ಬಂದಲ್ಲಿ ಕೂಡಿಸುವ ಚಿಹ್ನೆ, ಬಾರದಲ್ಲಿ ಕಳೆಯುವ ಚಿಹ್ನೆ ಹಾಕಿದರು. ಆ ಚೌಕುಳಿ ಪಟ್ಟಿಯನ್ನು ನೋಡಿದಾಗ ಮೂರು ಗುಂಪು ಎದ್ದು ಕಂಡವು. 1901ರ ಪ್ರಬಂಧದಲ್ಲಿ ಅವುಗಳಿಗೆ ಎ, ಬಿ, ಸಿ ಎಂದು ಹೆಸರಿಟ್ಟರು. ಸಿ ಎಂದದ್ದೇ ಮುಂದೆ ಓ ಆಯಿತು. ನಾಲ್ಕನೆಯದಾದ ಎಬಿ ಗುಂಪನ್ನು 1902ರಲ್ಲಿ ಡೆಕಾಸ್ಟೆಲ್ಲೊ ಮತ್ತು ಸ್ಟುರ್ಲಿ ಎಂಬ ವೈದ್ಯರು ವರದಿ ಮಾಡಿದರು. 1930ರಲ್ಲಿ ಲ್ಯಾಂಡ್‌ಸ್ಟೈನರ್‌ಗೆ ನೊಬೆಲ್ ಪ್ರಶಸ್ತಿ ಬಂತು.

ಇಲ್ಲಿ ಶಿಕ್ಷಕರು ಗಮನಿಸಬೇಕಾದ ಎರಡು ಅಂಶಗಳಿವೆ. ಒಂದು, ಗಂಟುಕಟ್ಟುವುದು ಬೇರೆ, ಹೆಪ್ಪುಗಟ್ಟುವುದು ಬೇರೆ. ಗಾಯವಾದಾಗ ರಕ್ತ ಹೆಪ್ಪುಗಟ್ಟುವುದು ಫೈಬ್ರಿನ್ ಎಂಬ ಪ್ರೋಟೀನಿನ ಬಲೆಯಿಂದ. ಗುಂಪು ಪರೀಕ್ಷೆಯಲ್ಲಿ ಕಣಗಳು ಗಂಟಾಗುವುದು ಪ್ರತಿಕಾಯಗಳು ಪಕ್ಕಪಕ್ಕದ ಕಣಗಳ ಪ್ರತಿಜನಕವನ್ನು ಹಿಡಿದುಕೊಳ್ಳುವುದರಿಂದ. ನಮ್ಮ ಪ್ರಶಿಕ್ಷಣಾರ್ಥಿಗಳು ಈ ಎರಡನ್ನೂ ಬೆರೆಸಿ ಹೇಳುವುದನ್ನು ಪ್ರತಿವರ್ಷ ಕೇಳುತ್ತೇನೆ. ಎರಡನೆಯದು, ಲ್ಯಾಂಡ್‌ಸ್ಟೈನರ್ ಕಣ ಮತ್ತು ಸೀರಮ್ ಎರಡನ್ನೂ ಪರೀಕ್ಷಿಸಿದರು. ಎ ಗುಂಪಿನವರ ಕಣದ ಮೇಲೆ ಎ ಪ್ರತಿಜನಕ, ಸೀರಮ್ಮಿನಲ್ಲಿ ಬಿ-ವಿರೋಧಿ ಪ್ರತಿಕಾಯ. ಬಿ ಗುಂಪಿನವರಲ್ಲಿ ಇದರ ತಿರುವುಮುರುವು. ಓ ಗುಂಪಿನವರ ಕಣದ ಮೇಲೆ ಎ ಇಲ್ಲ, ಬಿ ಇಲ್ಲ. ಸೀರಮ್ಮಿನಲ್ಲಿ ಎರಡೂ ಪ್ರತಿಕಾಯಗಳಿವೆ. ಅಂದರೆ ಕಣ ಹೇಳುವ ಮಾತಿಗೆ ಸೀರಮ್ ಸಾಕ್ಷಿ ಹೇಳಬೇಕು. ಎರಡೂ ಒಪ್ಪಿದರೆ ಮಾತ್ರ ಗುಂಪು ಖಚಿತ.

ಶಿಬಿರಗಳಲ್ಲಿ ಬಿಳಿ ಹಲಗೆಯ ಮೇಲೆ ರಕ್ತದ ಮೂರು ಹನಿ ಇಟ್ಟು, ನೀಲಿ ಬಣ್ಣದ ಎ-ವಿರೋಧಿ, ಹಳದಿ ಬಣ್ಣದ ಬಿ-ವಿರೋಧಿ, ಬಣ್ಣವಿಲ್ಲದ ಡಿ-ವಿರೋಧಿ ದ್ರವಗಳನ್ನು ಬೆರೆಸಿ ನೋಡುವುದನ್ನು ನಾವೆಲ್ಲ ಕಂಡಿದ್ದೇವೆ. ಅದು ಕಣದ ಪರೀಕ್ಷೆ ಮಾತ್ರ, ಅರ್ಧ ಪರೀಕ್ಷೆ. ರಕ್ತನಿಧಿಯಲ್ಲಿ ಸೀರಮ್ಮಿನ ಪರೀಕ್ಷೆಯನ್ನೂ ಮಾಡುತ್ತಾರೆ. ರೋಗಿಗೆ ರಕ್ತ ಕೊಡುವ ಮುನ್ನ ದಾನಿಯ ಕಣಗಳನ್ನು ರೋಗಿಯ ಸೀರಮ್ಮಿನೊಂದಿಗೆ ಬೆರೆಸಿ ನೋಡುವ ಕ್ರಾಸ್ ಮ್ಯಾಚಿಂಗ್ ಪ್ರತ್ಯೇಕವಾಗಿ ನಡೆಯುತ್ತದೆ.

1952, ಮುಂಬಯಿ

ಓ ಗುಂಪಿನ ಕಣದ ಮೇಲೆ ಏನೂ ಇಲ್ಲ, ಅದು ಬೋಳು ಎಂದು ಬಹುಕಾಲ ಎಣಿಸಿದ್ದರು. ನಮ್ಮ ಅನೇಕ ಪಾಠಟಿಪ್ಪಣಿಗಳಲ್ಲಿ ಈಗಲೂ ಹಾಗೇ ಇದೆ. ಆ ಎಣಿಕೆಯನ್ನು ಎಲ್ಲರಿಗೂ ಕಾಣುವಂತೆ ಅಲುಗಿಸಿದ್ದು ಮುಂಬಯಿಯ ವೈದ್ಯರು.

ವೈ. ಎಂ. ಭೆಂಡೆ ಮತ್ತು ಅವರ ಸಂಗಡಿಗರಾದ ಸಿ. ಕೆ. ದೇಶಪಾಂಡೆ, ಎಚ್. ಎಂ. ಭಾಟಿಯಾ ಅವರಿಗೆ ಕೆಲವು ವಿಚಿತ್ರ ರಕ್ತಗಳು ಎದುರಾದವು. ಎ-ವಿರೋಧಿ ಹಾಕಿದರೆ ಗಂಟಿಲ್ಲ, ಬಿ-ವಿರೋಧಿ ಹಾಕಿದರೂ ಗಂಟಿಲ್ಲ. ಕಣ ನೋಡಿದರೆ ಓ ಗುಂಪು. ಆದರೆ ಸೀರಮ್ ನೋಡಿದರೆ ಅದು ಎ ಕಣಗಳನ್ನೂ ಬಿ ಕಣಗಳನ್ನೂ ಗಂಟು ಕಟ್ಟಿಸಿದ್ದಲ್ಲದೆ ಓ ಕಣಗಳನ್ನೂ ಗಂಟು ಕಟ್ಟಿಸಿತು. ಓ ಗುಂಪಿನವರಿಗೆ ಓ ರಕ್ತವೇ ಹೊಂದುವುದಿಲ್ಲ ಎಂದರೆ ಏನರ್ಥ?

ಇಲ್ಲಿ ಎರಡು ದಾರಿಗಳಿದ್ದವು. 'ಹೀಗಾಗಲು ಸಾಧ್ಯವಿಲ್ಲ, ಮಾದರಿ ಕೆಟ್ಟಿರಬೇಕು' ಎಂದು ಕೈತೊಳೆದುಕೊಳ್ಳುವುದು ಒಂದು. 'ಆಗಿದೆಯಲ್ಲ, ಹಾಗಾದರೆ ನಮ್ಮ ನಿಯಮ ಪೂರ್ತಿಯಾಗಿಲ್ಲ' ಎಂದುಕೊಳ್ಳುವುದು ಇನ್ನೊಂದು. ಅವರು ಎರಡನೆಯದನ್ನು ಹಿಡಿದರು. ಲಂಡನ್ನಿನ ರಕ್ತಗುಂಪು ತಜ್ಞರಾದ ರೂತ್ ಸ್ಯಾಂಗರ್, ರಾಬರ್ಟ್ ರೇಸ್, ಹಾಗೂ ರಕ್ತಗುಂಪಿನ ರಸಾಯನವನ್ನು ಅಭ್ಯಾಸ ಮಾಡುತ್ತಿದ್ದ ವಾಲ್ಟರ್ ಮಾರ್ಗನ್, ವಿನಿಫ್ರೆಡ್ ವಾಟ್ಕಿನ್ಸ್ ಅವರೊಡನೆ ಸೇರಿ 1952ರ ಮೇ ತಿಂಗಳಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ವರದಿ ಪ್ರಕಟಿಸಿದರು. ಎರಡು ಪುಟದ ಪುಟ್ಟ ಬರಹ, ಮೂವರ ರಕ್ತದ ವಿವರ. ಶೀರ್ಷಿಕೆಯಲ್ಲಿ 'ಹೊಸ' ಎಂಬ ಪದವನ್ನು ಉದ್ಧರಣ ಚಿಹ್ನೆಯೊಳಗೆ ಇಟ್ಟಿದ್ದರು. ದೊಡ್ಡ ಮಾತಾಡುವ ಮುನ್ನ ತಡೆದು ನಿಲ್ಲುವ ಆ ಅಭ್ಯಾಸ ನನಗೆ ಮೆಚ್ಚಿಕೆಯಾಯಿತು.

ಆ ರಕ್ತಕ್ಕೆ ಮುಂದೆ 'ಬಾಂಬೆ ರಕ್ತದ ಗುಂಪು' ಎಂಬ ಹೆಸರೇ ನಿಂತಿತು. ಆ ವರದಿ ಬಂದಾಗ ನಮ್ಮ ನಾಲ್ಕೂ ತಾಲ್ಲೂಕುಗಳು ಇನ್ನೂ ಹೈದರಾಬಾದ್ ರಾಜ್ಯದ ರಾಯಚೂರು ಜಿಲ್ಲೆಯಲ್ಲಿದ್ದವು. ಆದರೆ ಈ ಗುಂಪು ಮುಂಬಯಿಯವರಿಗಷ್ಟೇ ಸೇರಿದ್ದಲ್ಲ. ಕರ್ನಾಟಕದಲ್ಲೂ ಇಂಥವರಿದ್ದಾರೆ. ಭಾರತದಲ್ಲಿ ಸುಮಾರು 10,000 ಜನರಲ್ಲಿ ಒಬ್ಬರು, ಯುರೋಪಿನಲ್ಲಿ ಸುಮಾರು 10 ಲಕ್ಷಕ್ಕೆ ಒಬ್ಬರು ಎಂದು ಸಾಮಾನ್ಯವಾಗಿ ಲೆಕ್ಕ ಹೇಳುತ್ತಾರೆ. ಇವರಿಗೆ ರಕ್ತ ಬೇಕಾದರೆ ಇನ್ನೊಬ್ಬ ಬಾಂಬೆ ಗುಂಪಿನವರದ್ದೇ ಆಗಬೇಕು. 'ಓ ಎಲ್ಲರಿಗೂ ಆಗುತ್ತದೆ' ಎಂಬ ನಮ್ಮ ಸಿದ್ಧವಾಕ್ಯ ಇವರ ಪಾಲಿಗೆ ಅಪಾಯ.

ಗೂಟ ಮತ್ತು ಚೀಲ

ಇದನ್ನು ಮಕ್ಕಳಿಗೆ ಹೇಳುವುದು ಹೇಗೆ? ನಾನು ಕಂಡುಕೊಂಡ ಹೋಲಿಕೆ ನಮ್ಮ ಹಳ್ಳಿಮನೆಯ ಗೋಡೆಯದು.

ಗೋಡೆಗೆ ಒಂದು ಗೂಟ ಹೊಡೆದಿದೆ. ಅದಕ್ಕೆ ಕೈಚೀಲ ತೂಗುಹಾಕುತ್ತೇವೆ. ಕೆಂಪು ರಕ್ತಕಣವೇ ಗೋಡೆ. ಅದರ ಮೇಲಿರುವ ಎಚ್ ಎಂಬ ಪ್ರತಿಜನಕವೇ ಗೂಟ. ಗೂಟಕ್ಕೆ ಹಸಿರು ಚೀಲ ತೂಗುಹಾಕಿದರೆ ಎ ಗುಂಪು, ಕೆಂಪು ಚೀಲ ಹಾಕಿದರೆ ಬಿ, ಕೆಲವು ಗೂಟಕ್ಕೆ ಹಸಿರು ಕೆಲವಕ್ಕೆ ಕೆಂಪು ಇದ್ದರೆ ಎಬಿ. ಚೀಲ ಹಾಕದೆ ಬರೀ ಗೂಟ ಉಳಿದರೆ ಓ. ಹಾಗಾಗಿ ಓ ಎಂದರೆ ಬೋಳು ಗೋಡೆಯಲ್ಲ, ಗೂಟವಿರುವ ಗೋಡೆ. ಬಾಂಬೆ ಗುಂಪಿನವರ ಗೋಡೆಗೆ ಗೂಟವೇ ಇಲ್ಲ.

ರಸಾಯನದ ಮಾತಿನಲ್ಲಿ ಹೇಳುವುದಾದರೆ, ಕಣದ ಮೇಲ್ಮೈಯ ಸಕ್ಕರೆ ಸರಪಳಿಗೆ ಫ್ಯೂಕೋಸ್ ಎಂಬ ಸಕ್ಕರೆ ಸೇರಿದಾಗ ಎಚ್ ಆಗುತ್ತದೆ. ಅದರ ಮೇಲೆ ಎನ್-ಅಸಿಟೈಲ್ ಗ್ಯಾಲಕ್ಟೋಸಮೈನ್ ಸೇರಿದರೆ ಎ, ಗ್ಯಾಲಕ್ಟೋಸ್ ಸೇರಿದರೆ ಬಿ. ವಂಶವಾಹಿಗಳು ಈ ಸಕ್ಕರೆಗಳನ್ನು ನೇರವಾಗಿ ಮಾಡುವುದಿಲ್ಲ. ಸಕ್ಕರೆಯನ್ನು ತಂದು ಸೇರಿಸುವ ಕಿಣ್ವಗಳನ್ನು ಮಾಡಿಸುತ್ತವೆ. ಗೂಟ ಹೊಡೆಯುವ ಕಿಣ್ವದ ವಂಶವಾಹಿ 19ನೇ ವರ್ಣತಂತುವಿನಲ್ಲಿದೆ. ಚೀಲ ತೂಗುಹಾಕುವ ಕಿಣ್ವದ ವಂಶವಾಹಿ 9ನೇ ವರ್ಣತಂತುವಿನಲ್ಲಿದೆ. ಎರಡೂ ಬೇರೆ ಬೇರೆ ಜಾಗ, ಬೇರೆ ಬೇರೆಯಾಗಿಯೇ ಮಕ್ಕಳಿಗೆ ಹೋಗುತ್ತವೆ.

ಈಗ ಒಬ್ಬ ತಾಯಿಯನ್ನು ಊಹಿಸಿಕೊಳ್ಳಿ. ಅವಳಿಗೆ ತಂದೆಯಿಂದಲೂ ತಾಯಿಯಿಂದಲೂ ಗೂಟ ಹೊಡೆಯಲಾರದ ವಂಶವಾಹಿಯೇ ಬಂದಿದೆ. ಆದರೆ ಹಸಿರು ಚೀಲದ, ಅಂದರೆ ಎ ವಂಶವಾಹಿ ಅವಳಲ್ಲಿದೆ. ಕೈಯಲ್ಲಿ ಚೀಲವಿದೆ, ತೂಗುಹಾಕಲು ಗೂಟವಿಲ್ಲ. ಹಲಗೆಯ ಮೇಲಿನ ಪರೀಕ್ಷೆ ಅವಳನ್ನು ಓ ಎನ್ನುತ್ತದೆ. ಗಂಡ ನಿಜವಾದ ಓ. ಅವನಲ್ಲಿ ಗೂಟವಿದೆ, ಚೀಲವಿಲ್ಲ. ಮಗುವಿಗೆ ತಂದೆಯಿಂದ ಗೂಟ ಬಂತು, ತಾಯಿಯಿಂದ ಹಸಿರು ಚೀಲ ಬಂತು. ಮಗುವಿನ ಗುಂಪು ಎ. ಕಾರ್ಡುಗಳ ಪ್ರಕಾರ ಓ ಮತ್ತು ಓ ಸೇರಿ ಎ! ಇದು ಬರೀ ಊಹೆಯಲ್ಲ. 1955ರಲ್ಲಿ ಅಮೆರಿಕದಲ್ಲಿ ಫಿಲಿಪ್ ಲೆವಿನ್ ಮತ್ತು ಸಂಗಡಿಗರು ಇಂಥದೇ ಕುಟುಂಬವೊಂದನ್ನು ವರದಿ ಮಾಡಿದರು. ಪರೀಕ್ಷೆಯಲ್ಲಿ ಓ ಎಂದು ಕಾಣುವ ತಾಯಿಗೆ ಎಬಿ ಗುಂಪಿನ ಮಗಳಿದ್ದಳು. ತಾಯಿಯೊಳಗೆ ಅಡಗಿದ್ದ ಬಿ ಮಗಳಲ್ಲಿ ಹೊರಬಂದಿತ್ತು.

ಗೂಟವಿಲ್ಲದ ಗುಣ ದುರ್ಬಲ. ತಂದೆ ತಾಯಿ ಇಬ್ಬರಿಂದಲೂ ಬಂದರೆ ಮಾತ್ರ ಪ್ರಕಟವಾಗುತ್ತದೆ. ಹತ್ತಿರದ ಸಂಬಂಧದಲ್ಲಿ ಮದುವೆಯಾದಾಗ ಇಬ್ಬರಲ್ಲೂ ಒಂದೇ ಅಪರೂಪದ ವಂಶವಾಹಿ ಇರುವ ಸಾಧ್ಯತೆ ಹೆಚ್ಚುತ್ತದೆ. ನಮ್ಮ ಭಾಗದಲ್ಲಿ ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ರೂಢಿ ಇರುವುದರಿಂದ ಇದನ್ನು ಶಿಕ್ಷಕರು ತಿಳಿದಿರಬೇಕು. ಆದರೆ ತರಗತಿಯಲ್ಲಿ 'ನಿಮ್ಮಪ್ಪ ಅವ್ವ ಸಂಬಂಧಿಕರೇನು' ಎಂದು ಕೇಳುವುದು ಬೇಡ.

ಆ ಹುಡುಗಿಯ ಕಾರ್ಡಿಗೆ ಮರಳಿ

ಇಷ್ಟೆಲ್ಲ ಓದಿಕೊಂಡ ಮೇಲೆ ನನಗೂ ಒಂದು ಆಸೆ ಹುಟ್ಟಿತ್ತು, ಆ ಮನೆಯಲ್ಲಿ ಬಾಂಬೆ ಗುಂಪು ಇದ್ದೀತೆ ಎಂದು. ರಕ್ತನಿಧಿಯಲ್ಲಿ ಕೆಲಸ ಮಾಡುವ ಪರಿಚಿತ ವೈದ್ಯರೊಬ್ಬರಿಗೆ ವಿಷಯ ಹೇಳಿದೆ, ಹೆಸರು ಊರು ಹೇಳಲಿಲ್ಲ. ಅವರು ನಕ್ಕು, "ಮೇಡಂ, ಅಪರೂಪದ್ದನ್ನ ಆಮೇಲೆ ಹುಡುಕೋಣ. ಮೊದಲು ಕಾರ್ಡು ಸರಿ ಐತೇನು ನೋಡ್ರಿ" ಅಂದರು.

ಅವರು ಹೇಳಿಕೊಟ್ಟ ಕ್ರಮ ಹೀಗಿತ್ತು. ಫಲಿತಾಂಶ ನಿಯಮಕ್ಕೆ ಹೊಂದದಿದ್ದರೆ ಮೊದಲು ಬರಹವನ್ನು ಅನುಮಾನಿಸಬೇಕು. ಹೆಸರು ಅದಲುಬದಲಾಯಿತೇ, ಗಡಿಬಿಡಿಯಲ್ಲಿ ತಪ್ಪು ಬರೆದರೇ. ಎರಡನೆಯದಾಗಿ ಪರೀಕ್ಷೆಯನ್ನು ಅನುಮಾನಿಸಬೇಕು. ದ್ರವ ಹಳೆಯದೇ, ಗಂಟು ಮೂಡುವ ಮೊದಲೇ ಓದಿದರೇ, ಎ ಪ್ರತಿಜನಕ ಬಹಳ ಕಡಿಮೆಯಿರುವ ಉಪಗುಂಪು ಕಣ್ಣು ತಪ್ಪಿಸಿತೇ. ಮೂರನೆಯದಾಗಿ ನಿಯಮವನ್ನೇ ಅನುಮಾನಿಸಬೇಕು. ಬಾಂಬೆ ಗುಂಪಿನಂಥದ್ದು ಬರುವುದು ಅಲ್ಲಿ. ಇಷ್ಟು ಮೆಟ್ಟಿಲು ಹತ್ತುವ ಮೊದಲೇ ನಮ್ಮ ಸಮಾಜ ನೇರವಾಗಿ ತಾಯಿಯನ್ನು ಅನುಮಾನಿಸುತ್ತದೆ. ಪ್ರಯೋಗಾಲಯದ ವೈದ್ಯರು ತಮ್ಮ ಕೆಲಸವನ್ನೇ ಮೊದಲು ಅನುಮಾನಿಸುತ್ತಾರೆ.

ಹುಡುಗಿಯ ತಂದೆಗೆ ನಾವು ಯಾರೂ ಪರೀಕ್ಷೆ ಮಾಡಿಸಿರೆಂದು ಹೇಳಲಿಲ್ಲ. ಹಾಗೆ ಹೇಳುವ ಅಧಿಕಾರ ಶಾಲೆಗಿಲ್ಲ. ಅವರೇ ತಮ್ಮ ಮನಸ್ಸಿನಿಂದ ಆಸ್ಪತ್ರೆಗೆ ಹೋಗಿ ಕಣ ಮತ್ತು ಸೀರಮ್ ಎರಡನ್ನೂ ಪರೀಕ್ಷೆ ಮಾಡಿಸಿಕೊಂಡು ಬಂದರು. ಅವರ ಗುಂಪು ಎ. ಎಷ್ಟೋ ವರ್ಷದ ಹಿಂದೆ ಒಂದು ಶಿಬಿರದಲ್ಲಿ ಕೊಟ್ಟ ಕಾರ್ಡಿನಲ್ಲಿ ಓ ಎಂದು ಬರೆದಿತ್ತು, ಅಷ್ಟೇ. ಬಾಂಬೆ ಗುಂಪೂ ಇಲ್ಲ, ಏನೂ ಇಲ್ಲ. ಹುಡುಗಿ ಶಾಲೆಗೆ ಮರಳಿದಳು. ಅವಳ ಅಜ್ಜಿ ಸೊಸೆಯೊಡನೆ ಮಾತಾಡತೊಡಗಿದರೆಂದೂ ಕೇಳಿದೆ.

ಪ್ರಕರಣ ಸುಖಾಂತವಾಯಿತೆಂದು ಸಮಾಧಾನಪಟ್ಟುಕೊಳ್ಳುವಂತಿಲ್ಲ. ಪರೀಕ್ಷೆಯ ಫಲಿತಾಂಶ ಬೇರೆಯೇ ಆಗಿದ್ದರೂ ಆ ಹುಡುಗಿ ತರಗತಿಯಲ್ಲಿ ತಲೆಯೆತ್ತಿ ಕೂರುವ ಹಕ್ಕು ಒಂದಿಷ್ಟೂ ಕಡಿಮೆಯಾಗುತ್ತಿರಲಿಲ್ಲ. ದತ್ತು ಮಕ್ಕಳು, ಮಲತಂದೆಯ ಆಸರೆಯಲ್ಲಿ ಬೆಳೆಯುವ ಮಕ್ಕಳು ನಮ್ಮ ತರಗತಿಗಳಲ್ಲಿದ್ದಾರೆ. ಅವರ ಮನೆಯ ಸಂಗತಿ ನಮ್ಮ ಬೋಧನೋಪಕರಣವಲ್ಲ. ಆ ತಂದೆಗೆ ಅಪಘಾತವಾಗಿ ಕಾರ್ಡು ನೋಡಿಯೇ ರಕ್ತ ಏರಿಸಿದ್ದರೆ ಎಂಬ ಯೋಚನೆಯೂ ಬಂತು. ಹಾಗಾಗುವುದಿಲ್ಲ, ಏಕೆಂದರೆ ಪ್ರತಿಸಲವೂ ಹೊಸದಾಗಿ ಪರೀಕ್ಷಿಸಿ, ಕ್ರಾಸ್ ಮ್ಯಾಚ್ ಮಾಡಿಯೇ ಕೊಡಬೇಕೆಂಬುದು ನಿಯಮ. ಕಾರ್ಡನ್ನು ನಂಬದಿರುವುದು ಅಲ್ಲಿ ಜೀವ ಉಳಿಸುವ ಶಿಸ್ತು.

ಬದಲಿಸಿದ ಪಾಠ

ಆಮೇಲೆ ಪಾಠಯೋಜನೆಯನ್ನು ಮತ್ತೆ ಬರೆದೆವು. ಅದೇ ಪ್ರಶಿಕ್ಷಣಾರ್ಥಿ ನನ್ನೊಡನೆ ಕೂತು ಬರೆದಳು. ಗಂಗಾವತಿ, ಕುಷ್ಟಗಿ ಮತ್ತು ಕೊಪ್ಪಳದ ಶಾಲೆಗಳಲ್ಲಿ ಬೇರೆ ಬೇರೆ ಪ್ರಶಿಕ್ಷಣಾರ್ಥಿಗಳು ಅದನ್ನು ಬೋಧಿಸಿ ನೋಡಿದರು. ಎರಡು ಅವಧಿ ಬೇಕು, ಒಂದರಲ್ಲಿ ಮುಗಿಯುವುದಿಲ್ಲ.

ಮೊದಲ ಅವಧಿ ಲ್ಯಾಂಡ್‌ಸ್ಟೈನರ್ ಪಟ್ಟಿಯದು. ಹೆಸರಿಲ್ಲದ ನಾಲ್ವರು ವ್ಯಕ್ತಿಗಳು, ಒಂದರಿಂದ ನಾಲ್ಕರವರೆಗೆ ಸಂಖ್ಯೆ. ಯಾರ ಸೀರಮ್ ಯಾರ ಕಣವನ್ನು ಗಂಟು ಕಟ್ಟಿಸಿತು ಎಂಬ ಚೌಕುಳಿಯನ್ನು ಹಲಗೆಯ ಮೇಲೆ ಬರೆದು, ಗುಂಪಿನ ಹೆಸರನ್ನು ಮಾತ್ರ ಬರೆಯಬಾರದು. ಮಕ್ಕಳೇ ಜೋಡಿಯಾಗಿ ಕೂತು ಗುಂಪು ಮಾಡಬೇಕು. ಎ, ಬಿ, ಓ ಎಂಬ ಹೆಸರು ಕೊನೆಗೆ ಬಂದರೆ ಸಾಕು. ಗಂಟುಕಟ್ಟುವುದನ್ನು ಕಣ್ಣಿಗೆ ತೋರಿಸಲು ಹಾಲು ಮತ್ತು ನಿಂಬೆರಸ ಬಳಸಿದೆವು. ಗಂಟು ಬರಬೇಕಾದ ಕಡೆ ನಿಂಬೆರಸ, ಬಾರದ ಕಡೆ ನೀರು, ಶಿಕ್ಷಕರು ಮೊದಲೇ ಸಣ್ಣ ಬಾಟಲಿಗಳಲ್ಲಿ ತುಂಬಿಟ್ಟುಕೊಳ್ಳಬೇಕು. ಹಾಲು ಒಡೆಯುವುದಕ್ಕೂ ರಕ್ತಕಣ ಗಂಟಾಗುವುದಕ್ಕೂ ಕಾರಣ ಬೇರೆ ಎಂದು ಕೊನೆಯಲ್ಲಿ ಮರೆಯದೆ ಹೇಳಬೇಕು. ಮಕ್ಕಳ ಬೆರಳಿಗೆ ಸೂಜಿ ಚುಚ್ಚುವುದು ಬೇಡವೇ ಬೇಡ.

ಎರಡನೇ ಅವಧಿ ಗೂಟ ಮತ್ತು ಚೀಲದ್ದು. ಗಂಗಾವತಿಯಲ್ಲಿ ಪ್ರಶಿಕ್ಷಣಾರ್ಥಿಯೊಬ್ಬ ಗುಂಡುಪಿನ್ನು ಮತ್ತು ಮಣಿಗಳಿಂದ ಮಾದರಿ ಮಾಡಿದ. ಮೂರನೇ ಬೆಂಚಿನಿಂದ ಆಚೆಗೆ ಯಾರಿಗೂ ಕಾಣಲಿಲ್ಲ, ವೇಳೆಯೂ ಮುಗಿಯಿತು. ಕುಷ್ಟಗಿಯಲ್ಲಿ ರಟ್ಟಿನ ಮೇಲೆ ಜೋಳದ ದಂಟಿನ ತುಂಡುಗಳನ್ನು ಗೂಟವಾಗಿ ಸಿಕ್ಕಿಸಿ, ಬಣ್ಣದ ಕಾಗದದ ಚೀಲ ತೂಗುಹಾಕಿದರು. ಖರ್ಚಿಲ್ಲ, ಕೊನೆಯ ಸಾಲಿಗೂ ಕಂಡಿತು. ಅಲ್ಲಿ ಒಬ್ಬ ಹುಡುಗ ಕೇಳಿದ: "ಸರ್, ಚೀಲಾ ಇಲ್ಲದ ಗ್ವಾಡಿ ಎರಡೂ ದೂರದಿಂದ ಒಂದ ಥರಾ ಕಾಣತಾವ್ರಿ. ಗೂಟಾ ಇಲ್ಲಂತ ಹೆಂಗ ಗೊತ್ತಾತ್ರಿ ಅವರಿಗೆ?"

ಭೆಂಡೆ ಮತ್ತು ಸಂಗಡಿಗರ ಮುಂದಿದ್ದ ಪ್ರಶ್ನೆಯೇ ಅದು. ಉತ್ತರವನ್ನು ಆ ಪ್ರಶಿಕ್ಷಣಾರ್ಥಿ ಚೆನ್ನಾಗಿ ಕೊಟ್ಟ. ಬಾಂಬೆ ಗುಂಪಿನವರ ದೇಹ ಗೂಟವನ್ನು ಕಂಡೇ ಇಲ್ಲ. ಹಾಗಾಗಿ ಅವರ ಸೀರಮ್ಮಿನಲ್ಲಿ ಗೂಟವನ್ನು ಹಿಡಿಯುವ ಎಚ್-ವಿರೋಧಿ ಪ್ರತಿಕಾಯ ಇರುತ್ತದೆ. ಅದಕ್ಕೆ ಓ ಕಣ ಕೊಟ್ಟರೆ ಗೂಟ ಹಿಡಿದು ಗಂಟು ಕಟ್ಟುತ್ತದೆ. ನಿಜವಾದ ಓ ಗುಂಪಿನವರ ಸೀರಮ್ ಹಾಗೆ ಮಾಡುವುದಿಲ್ಲ. ಆದ್ದರಿಂದ ಸೀರಮ್ ಪರೀಕ್ಷೆಯಲ್ಲಿ ಎ ಕಣ, ಬಿ ಕಣಗಳ ಜೊತೆಗೆ ಓ ಕಣದ ಮೂರನೇ ನಳಿಕೆಯನ್ನೂ ಇಡುತ್ತಾರೆ. ಆ ನಳಿಕೆಯಲ್ಲಿ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಆದರೂ ಪ್ರತಿಸಲ ಇಡುತ್ತಾರೆ, ಏನಾದರೂ ಆದ ದಿನಕ್ಕಾಗಿ.

ವಿಸ್ತರಣೆಗೆ ಪಠ್ಯದಲ್ಲೇ ಒಂದು ಒಳ್ಳೆಯ ಪ್ರಶ್ನೆ ಇದೆ. ಎ ಗುಂಪಿನ ಗಂಡ, ಓ ಗುಂಪಿನ ಹೆಂಡತಿ, ಓ ಗುಂಪಿನ ಮಗಳು. ಯಾವ ಗುಣ ಪ್ರಬಲವೆಂದು ಹೇಳಲು ಇಷ್ಟು ಮಾಹಿತಿ ಸಾಕೇ ಎಂಬರ್ಥದ್ದು. ಸಾಲದು ಎಂಬುದೇ ಉತ್ತರ. ನಾವು ಆ ಪ್ರಶ್ನೆಯನ್ನು ಎರಡು ಅಂಕದ್ದೆಂದು ದಾಟಿಸಿಬಿಡುತ್ತೇವೆ. 'ಮಾಹಿತಿ ಸಾಕೇ' ಎಂದು ಕೇಳುವುದನ್ನು ಮಕ್ಕಳಿಗೆ ಕಲಿಸಲು ಅದಕ್ಕಿಂತ ಒಳ್ಳೆಯ ಜಾಗ ಆ ಪಾಠದಲ್ಲಿ ಬೇರೆ ಇಲ್ಲ.

ಪ್ರಶಿಕ್ಷಣಾರ್ಥಿಗಳಿಗೂ ವೀಕ್ಷಕರಿಗೂ

ಮನೆಯವರ ರಕ್ತದ ಗುಂಪನ್ನು ಬರೆದು ತರುವ ಗೃಹಪಾಠ ಕೊಡಬೇಡಿ. ಉದಾಹರಣೆಗೆ ಕಲ್ಪಿತ ಕುಟುಂಬ ಸಾಕು. ನೀವು ಕೇಳದಿದ್ದರೂ ಮಗುವೊಂದು ತನ್ನ ಮನೆಯ ಲೆಕ್ಕ ತಂದು ನಿಮ್ಮೆದುರು ಇಡಬಹುದು. ಆಗ 'ಹಾಗಾಗುವುದಿಲ್ಲ' ಎನ್ನಬೇಡಿ. "ಒಳ್ಳೆಯ ಪ್ರಶ್ನೆ. ಕಾರ್ಡು ಅಂದ್ರ ಒಂದು ಪರೀಕ್ಷೆಯ ಬರಹ, ಅದು ಎಷ್ಟೋ ಸಲ ತಪ್ಪಿರತೈತಿ. ಕಾರ್ಡು ಸರಿ ಇದ್ರೂ ಹಿಂಗ ಬರಾಕ ವಿಜ್ಞಾನದಾಗ ಬ್ಯಾರೆ ಕಾರಣ ಅದಾವು, ಅದನ್ನ ನೋಡೋಣ" ಎನ್ನಿ. ಇದು ಮಗುವನ್ನು ಸಮಾಧಾನಪಡಿಸಲು ಹೇಳುವ ಸುಳ್ಳಲ್ಲ, ಪೂರ್ತಿ ನಿಜ. ಆಮೇಲೆ ಗೂಟ ಮತ್ತು ಚೀಲಕ್ಕೆ ಹೋಗಿ. ಹಲಗೆಯ ಮೇಲೆ 'ಓ ಮತ್ತು ಓ ಸೇರಿದರೆ ಓ' ಎಂದು ಬರೆಯುವಾಗ ಮುಂದೆ 'ಸಾಮಾನ್ಯವಾಗಿ' ಎಂಬ ಒಂದು ಪದ ಸೇರಿಸಿ.

ವೀಕ್ಷಕರಾದ ನಮಗೆ ಒಂದು ಮಾತು. ಪಾಠದಲ್ಲಿ ಮಗುವಿಗೆ ನೋವಾಗುವುದು ಕಂಡರೆ ಅಂಕದ ಪುಸ್ತಕ ಮುಚ್ಚಿಟ್ಟು ಎದ್ದು ನಿಲ್ಲಬಹುದು. ಪ್ರಶಿಕ್ಷಣಾರ್ಥಿಗೆ ಅವಮಾನವಾಗದಂತೆ "ನಾನೂ ಒಂದು ಮಾತು ಹೇಳಲೇ" ಎಂದು ಕೇಳಿದರೆ ಸಾಕು. ಅಂದು ನಾನು ಹಾಗೆ ಮಾಡಲಿಲ್ಲ.

ಆ ವೀಕ್ಷಣಾ ಹಾಳೆ ಇನ್ನೂ ನನ್ನ ಕಡತದಲ್ಲಿದೆ. 'ವಿಷಯಜ್ಞಾನ: ಉತ್ತಮ' ಎಂಬುದನ್ನು ಹೊಡೆದುಹಾಕಿಲ್ಲ. ಅದರ ಕೆಳಗೆ ಕೆಂಪು ಶಾಯಿಯಲ್ಲಿ ನನ್ನ ಬಗ್ಗೆ ಒಂದು ಸಾಲು ಬರೆದಿಟ್ಟಿದ್ದೇನೆ: 'ವೀಕ್ಷಕಿಯು ಎರಡನೇ ಪರೀಕ್ಷೆ ಮಾಡಲಿಲ್ಲ.' ಪ್ರತಿವರ್ಷ ಹೊಸ ತಂಡಕ್ಕೆ ರಕ್ತದ ಗುಂಪಿನ ಪಾಠಯೋಜನೆ ಹೇಳಿಕೊಡುವ ದಿನ ಆ ಹಾಳೆಯನ್ನು ತೆಗೆದು ತೋರಿಸುತ್ತೇನೆ.